ಫೈಲ್ ಸರ್ವರ್‌ಗಳ ರಕ್ಷಣೆಯನ್ನು ಮೊದಲ ದಿನವೇ ನಿಲ್ಲಿಸಬೇಡಿ

ಮಾನ್ಯ ಸಂಪಾದಕರೇ,

ತುಮಕೂರು ಜಿಲ್ಲೆಯ ಸಹಕಾರ ಸಂಘಗಳು, ಕಾಲೇಜುಗಳು, ಬಿ.ಎಚ್. ರಸ್ತೆಯ ಲೆಕ್ಕಪರಿಶೋಧಕರ ಕಚೇರಿಗಳು, ತಿಪಟೂರಿನ ಕೊಬ್ಬರಿ ಮಂಡಿಗಳು, ಅಂತರಸನಹಳ್ಳಿ ಮತ್ತು ವಸಂತನರಸಾಪುರದ ಸಣ್ಣ ಕೈಗಾರಿಕೆಗಳು, ಹೀಗೆ ಹಲವು ಕಡೆ ಈಗ ಕಚೇರಿಯ ಒಂದು ಮೂಲೆಯಲ್ಲಿ ಫೈಲ್ ಸರ್ವರ್ ಹಗಲಿರುಳು ಓಡುತ್ತಿರುವುದನ್ನು ಕಾಣುತ್ತೇವೆ. ಸದಸ್ಯರ ಆಧಾರ್ ಪ್ರತಿ, ಪಹಣಿ, ಸಾಲದ ಪತ್ರ, ವಿದ್ಯಾರ್ಥಿಗಳ ಅಂಕಪಟ್ಟಿ, ಜಿಎಸ್‌ಟಿ ಲೆಕ್ಕ, ಸಂಬಳದ ಪಟ್ಟಿ ಮುಂತಾದವೆಲ್ಲ ಸ್ಕ್ಯಾನ್ ಆಗಿ ಅದರೊಳಗಿನ ಫೋಲ್ಡರ್‌ಗಳಲ್ಲಿ ಇರುತ್ತವೆ. ಸಿಬ್ಬಂದಿ ತಮ್ಮ ತಮ್ಮ ಮೇಜಿನ ವಿಂಡೋಸ್ ಕಂಪ್ಯೂಟರ್‌ನಿಂದಲೇ ಅವುಗಳನ್ನು ತೆರೆದು ಕೆಲಸ ಮಾಡುತ್ತಾರೆ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳ ಗಣಕೀಕರಣಕ್ಕಾಗಿ 2,516 ಕೋಟಿ ರೂಪಾಯಿಗಳ ಯೋಜನೆಗೆ ಕೇಂದ್ರ ಸರ್ಕಾರ 2022ರ ಜೂನ್‌ನಲ್ಲಿ ಒಪ್ಪಿಗೆ ನೀಡಿದ ಮೇಲೆ ಸಂಘಗಳ ಲೆಕ್ಕಪತ್ರ ಒಂದೇ ತಂತ್ರಾಂಶದಡಿ ಬರುತ್ತಿದೆಯಾದರೂ, ಸ್ಕ್ಯಾನ್ ಮಾಡಿದ ಕಾಗದಪತ್ರಗಳು ಮಾತ್ರ ಹಲವೆಡೆ ಆಯಾ ಕಚೇರಿಯ ಸರ್ವರ್‌ನಲ್ಲೇ ಉಳಿದಿವೆ. ಜಿಲ್ಲೆಯ ಇಂಥ ಸಣ್ಣ ಕಚೇರಿಗಳ ಸರ್ವರ್‌ಗಳನ್ನು ನೋಡಿಕೊಳ್ಳುವುದೇ ನನ್ನ ಉದ್ಯೋಗವಾದ್ದರಿಂದ, ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತಿರುವ ಒಂದು ಕೆಟ್ಟ ರೂಢಿಯನ್ನು ತಮ್ಮ ಪತ್ರಿಕೆಯ ಮೂಲಕ ಕಚೇರಿಗಳ ಮುಖ್ಯಸ್ಥರ ಗಮನಕ್ಕೆ ತರಬಯಸುತ್ತೇನೆ.

ಈ ಸರ್ವರ್‌ಗಳಲ್ಲಿ ಅನೇಕವು, ವಿಂಡೋಸ್‌ನಂತೆಯೇ ಕಂಪ್ಯೂಟರನ್ನು ನಡೆಸುವ ಲಿನಕ್ಸ್ ಎಂಬ ಮುಕ್ತ ವ್ಯವಸ್ಥೆಯಲ್ಲಿ ಓಡುತ್ತವೆ. ವಿಂಡೋಸ್ ಕಂಪ್ಯೂಟರ್‌ಗಳಿಗೆ ಫೋಲ್ಡರ್ ಹಂಚಿಕೊಡುವ ಕೆಲಸವನ್ನು, ಆಸ್ಟ್ರೇಲಿಯಾದ ಆಂಡ್ರ್ಯೂ ಟ್ರಿಡ್ಜೆಲ್ ಅವರು 1990ರ ದಶಕದ ಆರಂಭದಲ್ಲಿ ಬರೆಯಲು ತೊಡಗಿದ ಸಾಂಬಾ ಎಂಬ ಉಚಿತ ತಂತ್ರಾಂಶ ಮಾಡುತ್ತದೆ. ರೆಡ್ ಹ್ಯಾಟ್, ಆಲ್ಮಾಲಿನಕ್ಸ್, ರಾಕಿ ಲಿನಕ್ಸ್, ಫೆಡೋರಾ ಎಂಬ ಲಿನಕ್ಸ್ ಬಗೆಗಳನ್ನು ಹಾಕಿದಾಗ ಎಸ್‌ಇಲಿನಕ್ಸ್ ಎಂಬ ಕಡ್ಡಾಯ ಪ್ರವೇಶ ನಿಯಂತ್ರಣದ ವ್ಯವಸ್ಥೆ ತಾನಾಗಿಯೇ ಜಾರಿಯಲ್ಲಿರುತ್ತದೆ. ಅದಕ್ಕಾಗಿ ಬೇರೆ ಹಣ ಕೊಡಬೇಕಿಲ್ಲ, ಬೇರೆ ಪರವಾನಗಿ ಬೇಕಿಲ್ಲ. ಹೀಗಿದ್ದೂ ಸರ್ವರ್ ಹೂಡುವವರು, ಹಂಚಿದ ಫೋಲ್ಡರ್ ಮೊದಲ ಸಲ ತೆರೆದುಕೊಳ್ಳದಿದ್ದ ಕೂಡಲೇ, ಕಾರಣ ಹುಡುಕದೆ ಈ ವ್ಯವಸ್ಥೆಯನ್ನೇ ನಿಲ್ಲಿಸಿ, ಬಿಲ್ಲಿಗೆ ಸಹಿ ಹಾಕಿಸಿಕೊಂಡು ಹೋಗುತ್ತಾರೆ. ಕಚೇರಿಯವರಿಗೆ ಇದು ಗೊತ್ತೇ ಆಗುವುದಿಲ್ಲ. ನಾನು ಆಕ್ಷೇಪಿಸುತ್ತಿರುವುದು ಈ ರೂಢಿಯನ್ನೇ.

ಲಿನಕ್ಸ್‌ನಲ್ಲಿ ಮಾಮೂಲಿನ ಪರ್ಮಿಷನ್ ವ್ಯವಸ್ಥೆಯ ಪ್ರಕಾರ ಒಂದು ಫೈಲನ್ನು ಯಾರು ಓದಬಹುದು, ಯಾರು ತಿದ್ದಬಹುದು ಎಂಬುದನ್ನು ಅದರ ಮಾಲೀಕನೇ ನಿರ್ಧರಿಸುತ್ತಾನೆ. ಅವನು ಎಲ್ಲರಿಗೂ ಎಲ್ಲ ಅನುಮತಿಯನ್ನೂ ಕೊಟ್ಟುಬಿಟ್ಟರೆ ತಡೆಯುವವರಿಲ್ಲ, ಸರ್ವರ್‌ನ ಮೇಲೆ ಪೂರ್ಣ ಅಧಿಕಾರವಿರುವ ರೂಟ್ ಬಳಕೆದಾರನಿಗಂತೂ ಯಾವ ಅಡ್ಡಿಯೂ ಇಲ್ಲ. ಸಾಂಬಾದ ಮುಖ್ಯ ಪ್ರಕ್ರಿಯೆ (ಓಡುತ್ತಿರುವ ಪ್ರೋಗ್ರಾಂ), ಅಂದರೆ ಎಸ್‌ಎಂಬಿಡಿ, ರೂಟ್ ಅಧಿಕಾರದಲ್ಲೇ ಆರಂಭವಾಗುತ್ತದೆ ಎಂಬುದನ್ನು ಇಲ್ಲಿ ನೆನಪಿಡಬೇಕು. ಆ ತಂತ್ರಾಂಶದಲ್ಲೊಂದು ದೋಷ ಸಿಕ್ಕಿ ಯಾರಾದರೂ ಒಳಹೊಕ್ಕರೆ ಅವರಿಗೂ ಅದೇ ಅಧಿಕಾರ ದೊರೆಯಬಹುದು. ಎಸ್‌ಇಲಿನಕ್ಸ್ ಇದರ ಮೇಲೆ ಎರಡನೆಯ ತಪಾಸಣೆಯನ್ನು ಇಡುತ್ತದೆ. ಪ್ರತಿ ಫೈಲಿಗೂ ಪ್ರತಿ ಪ್ರಕ್ರಿಯೆಗೂ ಒಂದೊಂದು ಲೇಬಲ್ ಇರುತ್ತದೆ. ಯಾವ ಲೇಬಲ್‌ನ ಪ್ರಕ್ರಿಯೆ ಯಾವ ಲೇಬಲ್‌ನ ಫೈಲಿನ ಮೇಲೆ ಏನು ಮಾಡಬಹುದೆಂಬ ನಿಯಮಾವಳಿ ಲಿನಕ್ಸ್‌ನ ತಿರುಳಾದ ಕರ್ನೆಲ್‌ಗೆ ಮೊದಲೇ ತಿಳಿದಿರುತ್ತದೆ. ಅದರಲ್ಲಿ ಬರೆಯದಿದ್ದ ಕೆಲಸ ನಡೆಯುವುದಿಲ್ಲ. ಕಚೇರಿಯ ಎಲ್ಲ ಬೀಗದ ಕೈಗಳನ್ನು ಇಟ್ಟುಕೊಂಡಿರುವ ಜವಾನನಿಗೂ, ಇಂಥ ಕೋಣೆಯ ರಿಜಿಸ್ಟರನ್ನು ಇಂಥ ಮೇಜಿಗೆ ಮಾತ್ರ ಒಯ್ಯಬೇಕೆಂಬ ಲಿಖಿತ ಆದೇಶ ಇದ್ದಂತೆ ಇದು. ಎಸ್‌ಎಂಬಿಡಿ_ಟಿ ಎಂಬ ಲೇಬಲ್ ಹೊತ್ತ ಸಾಂಬಾ ಪ್ರಕ್ರಿಯೆ, ಸಾಂಬಾ_ಶೇರ್_ಟಿ ಎಂಬ ಲೇಬಲ್ ಇರುವ ಫೋಲ್ಡರ್‌ಗಳನ್ನು ಓದಬಹುದು, ಬರೆಯಬಹುದು; ಪಾಸ್‌ವರ್ಡ್ ಇಟ್ಟಿರುವ ಫೈಲನ್ನಾಗಲೀ ಮತ್ತೊಬ್ಬ ಬಳಕೆದಾರರ ಸ್ವಂತದ ಹೋಮ್ ಫೋಲ್ಡರನ್ನಾಗಲೀ ಮನಸ್ಸಿಗೆ ಬಂದಂತೆ ಮುಟ್ಟುವಂತಿಲ್ಲ.

ಎಸ್‌ಇಲಿನಕ್ಸ್ ಅನ್ನು ಮೊದಲು ಬರೆದು 2000ದ ಡಿಸೆಂಬರ್‌ನಲ್ಲಿ ಮುಕ್ತವಾಗಿ ಬಿಡುಗಡೆ ಮಾಡಿದ್ದು ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆ (ಎನ್‌ಎಸ್‌ಎ). 2003ರಲ್ಲಿ ಅದು ಲಿನಕ್ಸ್‌ನ ಮುಖ್ಯ ಕರ್ನೆಲ್‌ಗೆ ಸೇರಿತು. ಬೇಹುಗಾರಿಕೆಯ ಸಂಸ್ಥೆ ಬರೆದದ್ದನ್ನು ನಂಬುವುದು ಹೇಗೆ ಎಂದು ಕೆಲವರು ಕೇಳುತ್ತಾರೆ, ಕೇಳಲೇಬೇಕಾದ ಪ್ರಶ್ನೆಯೇ. ಆದರೆ ಅದರ ಸಾಲು ಸಾಲೂ ಇಪ್ಪತ್ತಕ್ಕೂ ಹೆಚ್ಚು ವರ್ಷಗಳಿಂದ ಎಲ್ಲರ ಕಣ್ಣೆದುರಿಗಿದೆ, ಬೇರೆ ಬೇರೆ ದೇಶಗಳ, ಬೇರೆ ಬೇರೆ ಸಂಸ್ಥೆಗಳ ಪರಿಣತರು ಅದನ್ನು ಓದಿ ತಿದ್ದುತ್ತಾ ಬಂದಿದ್ದಾರೆ. 2014ರಲ್ಲಿ ಬಂದ ಆಂಡ್ರಾಯ್ಡ್ 5.0 ಆವೃತ್ತಿಯಿಂದ ಈಚೆಗೆ ಪ್ರತಿ ಆಂಡ್ರಾಯ್ಡ್ ಫೋನಿನಲ್ಲೂ ಇದೇ ಎಸ್‌ಇಲಿನಕ್ಸ್ ಪೂರ್ಣವಾಗಿ ಜಾರಿಯಲ್ಲಿದೆ. ಸಂಘದ ಕಾರ್ಯದರ್ಶಿಯವರ ಜೇಬಿನ ಫೋನಿಗೆ ಇರುವ ಕಾವಲು ಸಾವಿರಾರು ಸದಸ್ಯರ ದಾಖಲೆಗಳಿರುವ ಸರ್ವರ್‌ಗೆ ಇಲ್ಲದಿರುವುದು ಯಾವ ರೀತಿಯಿಂದಲೂ ಸಮರ್ಥನೀಯವಲ್ಲ.

ಈ ವ್ಯವಸ್ಥೆ ಹೇಗೆ ನಿಂತುಹೋಗುತ್ತದೆ ಎಂಬುದಕ್ಕೆ ಜಿಲ್ಲೆಯ ಒಂದು ಸಂಘದಲ್ಲಿ ನಾನು ಕಂಡದ್ದನ್ನೇ ವಿವರಿಸುತ್ತೇನೆ. ಅಲ್ಲಿದ್ದ ಹಳೆಯ ಯಂತ್ರ ಸೆಂಟ್‌ಒಎಸ್ 7 ಎಂಬ ಲಿನಕ್ಸ್ ಆವೃತ್ತಿಯಲ್ಲಿತ್ತು. ಅದಕ್ಕೆ ಬರುತ್ತಿದ್ದ ಭದ್ರತಾ ಪರಿಷ್ಕರಣೆಗಳು 2024ರ ಜೂನ್ 30ಕ್ಕೆ ನಿಂತಿದ್ದರಿಂದ ಹೊಸ ಯಂತ್ರಕ್ಕೆ ಆಲ್ಮಾಲಿನಕ್ಸ್ ಹಾಕಿದ್ದರು. ಅಷ್ಟರ ಮಟ್ಟಿಗೆ ಕೆಲಸ ಸರಿಯಾಗಿಯೇ ಆಗಿತ್ತು. ಸರ್ವರ್ ಹೂಡಲು ಬಂದವರು ಸಾಲದ ಪತ್ರಗಳ ಸ್ಕ್ಯಾನ್ ಪ್ರತಿಗಳನ್ನು ಹೊರಗಿನ ಹಾರ್ಡ್ ಡಿಸ್ಕ್‌ನಿಂದ ಮೊದಲು ತಮ್ಮ ಹೋಮ್ ಫೋಲ್ಡರ್‌ಗೆ ಕಾಪಿ ಮಾಡಿ, ಆಮೇಲೆ ಅಲ್ಲಿಂದ ಹಂಚಿಕೆಯ ಜಾಗಕ್ಕೆ ಮೂವ್ ಮಾಡಿದ್ದರು. ಎಲ್ಲ ತೊಂದರೆಯೂ ಹುಟ್ಟಿದ್ದು ಇಲ್ಲಿ. ಕಾಪಿ ಮಾಡಿದ ಫೈಲು ತಾನು ಸೇರಿದ ಫೋಲ್ಡರಿನ ಲೇಬಲ್ ಪಡೆಯುತ್ತದೆ, ಆದರೆ ಮೂವ್ ಮಾಡಿದ ಫೈಲು ತನ್ನ ಹಳೆಯ ಲೇಬಲನ್ನು ಹೊತ್ತುಕೊಂಡೇ ಬರುತ್ತದೆ. ಹೀಗಾಗಿ ಸಾಲದ ಪತ್ರಗಳ ಫೋಲ್ಡರಿಗೆ ಯೂಸರ್_ಹೋಮ್_ಟಿ ಎಂಬ ಲೇಬಲ್ಲೇ ಅಂಟಿಕೊಂಡಿತ್ತು. ಸಿಬ್ಬಂದಿಯ ವಿಂಡೋಸ್ ಪರದೆಯ ಮೇಲೆ ಫೋಲ್ಡರಿನ ಹೆಸರು ಕಾಣುತ್ತಿತ್ತು, ಕ್ಲಿಕ್ ಮಾಡಿದರೆ ಅನುಮತಿ ಇಲ್ಲವೆಂಬ ಸಂದೇಶ ಬರುತ್ತಿತ್ತು. ಹೂಡುವವರು ಮೊದಲು 777 ಪರ್ಮಿಷನ್ ಕೊಟ್ಟರು, ಅಂದರೆ ಸರ್ವರ್‌ನ ಪ್ರತಿಯೊಬ್ಬ ಬಳಕೆದಾರನಿಗೂ ಎಲ್ಲ ಅನುಮತಿ ಕೊಟ್ಟರು. ಆದರೂ ತೆರೆಯಲಿಲ್ಲ, ಏಕೆಂದರೆ ಎರಡನೆಯ ತಪಾಸಣೆ ಮೊದಲನೆಯದರ ಮಾತು ಕೇಳುವುದಿಲ್ಲ. ನಂತರ ಎಸ್‌ಇಲಿನಕ್ಸ್ ತಡೆಯುವುದನ್ನು ನಿಲ್ಲಿಸುವ ಸೆಟ್‌ಎನ್‌ಫೋರ್ಸ್ 0 ಎಂಬ ಆಜ್ಞೆಯನ್ನು ಟೈಪ್ ಮಾಡಿದಾಗ ಫೋಲ್ಡರ್ ತಕ್ಷಣ ತೆರೆದುಕೊಂಡಿತು. ಆ ಆಜ್ಞೆ ರೀಬೂಟ್ ಆಗುವವರೆಗೆ ಮಾತ್ರ ಉಳಿಯುವುದರಿಂದ, ಅದರ ಸೆಟ್ಟಿಂಗ್ ಇರುವ ಕಾನ್ಫಿಗ್ ಫೈಲಿನಲ್ಲಿಯೂ ಡಿಸೇಬಲ್ಡ್ ಎಂದು ಬರೆದು ಕೆಲಸ ಮುಗಿಸಿದರು. ಕೊಟ್ಟಿದ್ದ 777 ಪರ್ಮಿಷನ್ ಅನ್ನು ಹಿಂದಕ್ಕೆ ಪಡೆಯಲೂ ಇಲ್ಲ. ಒಂದು ಲೇಬಲ್ ತಪ್ಪಾಗಿದ್ದಕ್ಕೆ ಎರಡು ತಪಾಸಣೆಗಳೂ ಒಟ್ಟಿಗೆ ಇಲ್ಲವಾದವು.

ತಡೆದ ಕೆಲಸಗಳು ದಾಖಲಾಗುವ ಆಡಿಟ್ ಲಾಗ್‌ನ ಅಂದಿನ ಭಾಗ ಇನ್ನೂ ಉಳಿದಿತ್ತು. ಎವಿಸಿ ಡಿನೈಡ್ ಎಂದು ಆರಂಭವಾಗುವ ಆ ಸಾಲನ್ನು ನಿಧಾನವಾಗಿ ಓದಿದರೆ ಉತ್ತರ ಅಲ್ಲಿಯೇ ಇದೆ: ಕೇಳಿದ ಪ್ರಕ್ರಿಯೆ ಎಸ್‌ಎಂಬಿಡಿ, ಅದರ ಲೇಬಲ್ ಎಸ್‌ಎಂಬಿಡಿ_ಟಿ, ಕೇಳಿದ ಕೆಲಸ ರೀಡ್, ಎದುರಿನ ವಸ್ತು ಒಂದು ಡೈರೆಕ್ಟರಿ, ಅದರ ಲೇಬಲ್ ಯೂಸರ್_ಹೋಮ್_ಟಿ. ಸಾಂಬಾ ಯಾರದೋ ಹೋಮ್ ಫೋಲ್ಡರ್ ಓದಲು ಹೊರಟಿದೆ ಎಂದು ಕರ್ನೆಲ್ ತಿಳಿದು ತಡೆದಿತ್ತು. ತನಗೆ ಕೊಟ್ಟ ಲೇಬಲಿನ ಪ್ರಕಾರ ಅದು ಮಾಡಿದ್ದು ಸರಿಯೇ ಆಗಿತ್ತು. ಪರಿಹಾರಕ್ಕೆ ಎರಡೇ ಆಜ್ಞೆಗಳು ಸಾಕಾಗಿದ್ದವು. ಸೆಮ್ಯಾನೇಜ್ ಎಫ್‌ಕಾಂಟೆಕ್ಸ್ಟ್ ಎಂಬ ಆಜ್ಞೆಯಿಂದ, ಈ ಫೋಲ್ಡರ್ ಮತ್ತು ಇದರೊಳಗಿನ ಎಲ್ಲಕ್ಕೂ ಸಾಂಬಾ_ಶೇರ್_ಟಿ ಲೇಬಲ್ ಸಲ್ಲಬೇಕೆಂದು ನಿಯಮದಲ್ಲಿ ದಾಖಲಿಸುವುದು. ರಿಸ್ಟೋರ್‌ಕಾನ್ ಎಂಬ ಆಜ್ಞೆಯಿಂದ ಆ ನಿಯಮವನ್ನು ಡಿಸ್ಕಿನ ಮೇಲಿರುವ ಫೈಲುಗಳಿಗೆ ಅನ್ವಯಿಸುವುದು. ಸಿಎಚ್‌ಕಾನ್ ಎಂಬ ಮೂರನೆಯ ಆಜ್ಞೆಯಿಂದಲೂ ಲೇಬಲ್ ಬದಲಾಗುತ್ತದೆಯಾದರೂ ಅದು ನಿಯಮದಲ್ಲಿ ಸೇರುವುದಿಲ್ಲ. ಮುಂದೆ ಎಂದಾದರೂ ಇಡೀ ವ್ಯವಸ್ಥೆಗೆ ಮರುಲೇಬಲ್ ಮಾಡಿದ ದಿನ ಹಳೆಯ ಸ್ಥಿತಿಗೆ ಮರಳಿ, ಮತ್ತೆ ಫೋಲ್ಡರ್ ತೆರೆಯದಂತಾಗಿ, ಎಸ್‌ಇಲಿನಕ್ಸ್ ನೆಚ್ಚಿಕೊಳ್ಳುವಂಥದ್ದಲ್ಲ ಎಂಬ ಅಪವಾದ ಹುಟ್ಟಬಹುದು.

ಹೂಡುವವರನ್ನೇ ಪೂರ್ತಿ ದೂರುವುದು ನ್ಯಾಯವಲ್ಲ ಎಂಬುದನ್ನೂ ಹೇಳಬೇಕು. ಕನಿಷ್ಠ ಆವೃತ್ತಿಯಾಗಿ ಹಾಕಿದ ಸರ್ವರ್‌ನಲ್ಲಿ ಸೆಮ್ಯಾನೇಜ್ ಆಜ್ಞೆಯೇ ಇರುವುದಿಲ್ಲ. ಪಾಲಿಸಿಕೋರ್‌ಯುಟಿಲ್ಸ್-ಪೈಥಾನ್-ಯುಟಿಲ್ಸ್ ಎಂಬ ಪ್ಯಾಕೇಜನ್ನು ಬೇರೆಯಾಗಿ ಹಾಕಿಕೊಳ್ಳಬೇಕು. ಲಾಗ್ ಸಾಲನ್ನು ತಿಳಿಯುವ ಮಾತಿನಲ್ಲಿ ವಿವರಿಸಿ ಹೇಳುವ ಸೀಲರ್ಟ್ ಕೂಡ ಸೆಟ್‌ಟ್ರಬಲ್‌ಶೂಟ್-ಸರ್ವರ್ ಎಂಬ ಪ್ರತ್ಯೇಕ ಪ್ಯಾಕೇಜಿನಲ್ಲಿದೆ. ವಿಂಡೋಸ್ ಕಡೆ ಕಾಣುವ ಸಂದೇಶದಲ್ಲಿ ಎಸ್‌ಇಲಿನಕ್ಸ್ ಎಂಬ ಹೆಸರೂ ಸುಳಿಯುವುದಿಲ್ಲ. ಸಂಜೆಯೊಳಗೆ ಕೆಲಸ ಒಪ್ಪಿಸಬೇಕಾದ ಹುಡುಗನಿಗೆ, ಎದುರಿಗೆ ಕಾರ್ಯದರ್ಶಿಗಳು ಕಾಯುತ್ತಾ ನಿಂತಿರುವಾಗ, ಇದನ್ನೆಲ್ಲ ಕಲಿಯುವ ಪುರುಸೊತ್ತು ಇರುವುದಿಲ್ಲ. ಅದನ್ನು ಮೊದಲೇ ಕಲಿಸಿರಬೇಕಾದದ್ದು ನಮ್ಮ ಕಾಲೇಜುಗಳು.

ವ್ಯವಸ್ಥೆಯನ್ನು ನಿಲ್ಲಿಸದೆಯೇ ಅದನ್ನು ಟೊಳ್ಳು ಮಾಡುವ ಇನ್ನೊಂದು ದಾರಿಯೂ ಬಳಕೆಯಲ್ಲಿದೆ, ಅದರ ಬಗ್ಗೆಯೂ ಎಚ್ಚರಿಸಬೇಕು. ಆಡಿಟ್‌ಟುಅಲೋ ಎಂಬ ಸಾಧನಕ್ಕೆ ಲಾಗನ್ನು ಕೊಟ್ಟರೆ, ತಡೆಯಲಾದ ಪ್ರತಿಯೊಂದು ಕೆಲಸಕ್ಕೂ ಅನುಮತಿ ಕೊಡುವ ನಿಯಮವನ್ನು ಅದು ಬರೆದುಕೊಡುತ್ತದೆ. ಮೇಲಿನ ಸಂಘದ ಉದಾಹರಣೆಯಲ್ಲಿ ಹೀಗೆ ಮಾಡಿದ್ದರೆ, ಸಾಂಬಾ ಪ್ರಕ್ರಿಯೆಗೆ ಆ ಒಂದು ಫೋಲ್ಡರ್ ಮಾತ್ರವಲ್ಲ, ಹೋಮ್ ಫೋಲ್ಡರ್‌ನ ಲೇಬಲ್ ಹೊತ್ತ ಎಲ್ಲವನ್ನೂ ಓದುವ ಅನುಮತಿ ಸಿಗುತ್ತಿತ್ತು. ಸಾಂಬಾ_ಎಕ್ಸ್‌ಪೋರ್ಟ್_ಆಲ್_ಆರ್‌ಡಬ್ಲ್ಯೂ ಎಂಬ ಬೂಲಿಯನ್ (ಆನ್-ಆಫ್) ಸ್ವಿಚ್ಚನ್ನು ಹಾಕುವುದೂ ಬಹುಮಟ್ಟಿಗೆ ಇಂಥದ್ದೇ. ಅದು ಲೇಬಲ್ ಏನೇ ಇರಲಿ, ಬಹುತೇಕ ಯಾವ ಫೈಲನ್ನು ಬೇಕಾದರೂ ಹಂಚಲು ಬಿಡುತ್ತದೆ. ಪೂರ್ತಿ ನಿಲ್ಲಿಸಿದ ಸರ್ವರ್‌ಗಿಂತ ಇಂಥ ಸರ್ವರ್ ಹೆಚ್ಚು ಅಪಾಯಕಾರಿ ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಸ್ಥಿತಿ ಕೇಳಿದವರಿಗೆ ಎನ್‌ಫೋರ್ಸಿಂಗ್ (ಜಾರಿಯಲ್ಲಿದೆ) ಎಂದೇ ಉತ್ತರ ಬರುತ್ತದೆ, ಒಳಗೆ ಮಾತ್ರ ಬಾಗಿಲು ತೆರೆದೇ ಇರುತ್ತದೆ. ಬೂಲಿಯನ್‌ಗಳೆಲ್ಲ ಕೆಟ್ಟವು ಎಂದಲ್ಲ. ಬಳಕೆದಾರರ ಹೋಮ್ ಫೋಲ್ಡರನ್ನೇ ಹಂಚುವ ಅಗತ್ಯ ನಿಜವಾಗಿಯೂ ಇದ್ದರೆ ಸಾಂಬಾ_ಎನೇಬಲ್_ಹೋಮ್_ಡಿರ್ಸ್ ಇರುವುದೇ ಅದಕ್ಕಾಗಿ. ಕಾಲೇಜಿನ ಜಾಲತಾಣಕ್ಕೆ ಹಾಕುವ ಸುತ್ತೋಲೆಗಳನ್ನು ಸಿಬ್ಬಂದಿ ಸಾಂಬಾ ಮೂಲಕ ಒಂದು ಫೋಲ್ಡರಿಗೆ ಸೇರಿಸಿ, ವೆಬ್ ಸರ್ವರ್ ಅದೇ ಫೋಲ್ಡರಿನಿಂದ ಓದಬೇಕಾದರೆ, ಎರಡೂ ಸೇವೆಗಳಿಗೆ ಸಾಮಾನ್ಯವಾದ ಪಬ್ಲಿಕ್_ಕಂಟೆಂಟ್_ಆರ್‌ಡಬ್ಲ್ಯೂ_ಟಿ ಲೇಬಲ್ ಕೊಟ್ಟು, ಸಾಂಬಾಕ್ಕೆ ಬರೆಯಲು ಎಸ್‌ಎಂಬಿಡಿ_ಆನಾನ್_ರೈಟ್ ಸ್ವಿಚ್ಚನ್ನು ಹಾಕಿದರಾಯಿತು. ಲೇಬಲ್ ಎನ್ನುವುದು ಫೈಲಿಗೇ ಅಂಟಿರುವುದರಿಂದ ಫೈಲಿನ ಹೆಸರು ಕನ್ನಡದಲ್ಲಿದ್ದರೂ ಇಂಗ್ಲಿಷಿನಲ್ಲಿದ್ದರೂ ವ್ಯತ್ಯಾಸವಿಲ್ಲ. ಈ ಭಯದಿಂದ ಕನ್ನಡದ ಹೆಸರುಗಳನ್ನು ಬದಲಿಸಿದ ಕಚೇರಿಯನ್ನು ಕಂಡಿರುವುದರಿಂದ ಇದನ್ನು ಹೇಳುತ್ತಿದ್ದೇನೆ.

ಇಷ್ಟೆಲ್ಲ ಶ್ರಮ ಏಕೆ ಎಂಬುದಕ್ಕೆ 2017ರ ಮೇ ತಿಂಗಳನ್ನು ನೆನೆಯಬೇಕು. ಆ ತಿಂಗಳ 12ರಂದು ವಾನ್ನಾಕ್ರೈ ಎಂಬ ಸುಲಿಗೆ ತಂತ್ರಾಂಶ ಜಗತ್ತಿನಾದ್ಯಂತ ವಿಂಡೋಸ್ ಕಂಪ್ಯೂಟರ್‌ಗಳಿಗೆ ಹರಡಿತು. ಅದು ದಾರಿ ಮಾಡಿಕೊಂಡದ್ದು ಫೈಲ್ ಹಂಚಿಕೆಯ ಹಳೆಯ ಪ್ರೋಟೊಕಾಲಾದ ಎಸ್‌ಎಂಬಿ 1ರಲ್ಲಿದ್ದ ದೋಷದ ಮೂಲಕ. ಅದೇ ತಿಂಗಳಲ್ಲಿ ಸಾಂಬಾದಲ್ಲೂ ಬೇರೊಂದು ಗಂಭೀರ ದೋಷ ಬೆಳಕಿಗೆ ಬಂತು. 2010ರಲ್ಲಿ ಬಂದ 3.5.0 ಆವೃತ್ತಿಯಿಂದ ಅಂದಿನವರೆಗಿನ ಎಲ್ಲ ಆವೃತ್ತಿಗಳಲ್ಲೂ ಅದು ಇತ್ತು. ಬರೆಯಲು ಅನುಮತಿ ಇರುವ ಯಾವುದಾದರೂ ಹಂಚಿಕೆಯ ಫೋಲ್ಡರಿಗೆ ಒಂದು ಲೈಬ್ರರಿ ಫೈಲನ್ನು, ಅಂದರೆ ಪ್ರೋಗ್ರಾಂನ ತುಣುಕನ್ನು, ಹಾಕಿ, ಸರ್ವರ್ ತಾನೇ ಅದನ್ನು ಎತ್ತಿಕೊಂಡು ಓಡಿಸುವಂತೆ ಮಾಡಲು ಸಾಧ್ಯವಿತ್ತು. ಕೆಲವೇ ದಿನಗಳಲ್ಲಿ ಇದನ್ನು ಬಳಸಿಕೊಂಡು ಪರರ ಸರ್ವರ್‌ಗಳಲ್ಲಿ ಕ್ರಿಪ್ಟೊಕರೆನ್ಸಿ ಗಳಿಸುವ ತಂತ್ರಾಂಶ ಹಾಕಿದ ಪ್ರಕರಣಗಳೂ ವರದಿಯಾದವು. ಸಾಂಬಾ ತಂಡ 4.6.4, 4.5.10, 4.4.14 ಆವೃತ್ತಿಗಳಲ್ಲಿ ದೋಷವನ್ನು ಸರಿಪಡಿಸಿತು. ನಾನು ಒತ್ತಿಹೇಳಬೇಕಾದ ಸಂಗತಿ ಇದು: ಎಸ್‌ಇಲಿನಕ್ಸ್ ಜಾರಿಯಲ್ಲಿದ್ದ ರೆಡ್ ಹ್ಯಾಟ್ ಸರ್ವರ್‌ಗಳಲ್ಲಿ, ತೇಪೆ ಹಾಕುವ ಮೊದಲೇ, ಆ ದಾಳಿ ಫಲಿಸುತ್ತಿರಲಿಲ್ಲ. ಸಾಂಬಾ ತನ್ನ ಮಾಡ್ಯೂಲ್‌ಗಳ ಗೊತ್ತಾದ ಜಾಗ ಬಿಟ್ಟು ಬೇರೆಡೆಯಿಂದ, ಅಂದರೆ ಹಂಚಿಕೆಯ ಫೋಲ್ಡರಿನಿಂದ, ಲೈಬ್ರರಿಯನ್ನು ಎತ್ತಿಕೊಳ್ಳಲು ನಿಯಮಾವಳಿಯಲ್ಲಿ ಅವಕಾಶವೇ ಇರಲಿಲ್ಲ. ದೋಷ ಇದೆಯೆಂದು ಯಾರಿಗೂ ತಿಳಿಯದಿದ್ದ ಅಷ್ಟೂ ವರ್ಷ ಅದು ಕಾಯುತ್ತಿತ್ತು. ಅದನ್ನು ನಿಲ್ಲಿಸಿದ್ದ ಸರ್ವರ್‌ಗಳಿಗೆ ಈ ರಕ್ಷಣೆ ಸಿಗಲಿಲ್ಲ. 2022ರ ಜನವರಿ ಕೊನೆಯಲ್ಲಿ ಪ್ರಕಟವಾದ, ಸಾಂಬಾದ ವಿಎಫ್‌ಎಸ್ ಫ್ರೂಟ್ ಎಂಬ ಮಾಡ್ಯೂಲಿನಲ್ಲಿದ್ದ ಮತ್ತೊಂದು ದೋಷದಿಂದ ದಾಳಿಕೋರನಿಗೆ ರೂಟ್ ಅಧಿಕಾರವೇ ದಕ್ಕುವಂತಿತ್ತು. ಇಂಥ ಸಂದರ್ಭದಲ್ಲಿಯೂ ಆ ಅಧಿಕಾರ ಎಸ್‌ಎಂಬಿಡಿ_ಟಿಗೆ ಹಾಕಿದ ಗೆರೆಯೊಳಗೇ ಇರುತ್ತದೆಯೋ ಇಡೀ ಯಂತ್ರಕ್ಕೆ ಹಬ್ಬುತ್ತದೆಯೋ ಎಂಬುದು ಈ ವ್ಯವಸ್ಥೆ ಜಾರಿಯಲ್ಲಿದೆಯೇ ಎಂಬುದನ್ನೇ ಅವಲಂಬಿಸಿದೆ.

ನಮ್ಮದು ಸಣ್ಣ ಊರು, ಸಣ್ಣ ಸಂಘ, ನಮ್ಮ ಮೇಲೆ ಯಾರು ದಾಳಿ ಮಾಡುತ್ತಾರೆ ಎಂಬ ಮಾತನ್ನು ಮಧುಗಿರಿಯಲ್ಲೂ ಕೇಳಿದ್ದೇನೆ, ಗುಬ್ಬಿಯಲ್ಲೂ ಕೇಳಿದ್ದೇನೆ. ಇಂಥ ದಾಳಿಗಳು ಊರು ನೋಡಿ ಬರುವುದಿಲ್ಲ. ಫೈಲ್ ಹಂಚಿಕೆಗೆ ಜಾಲದಲ್ಲಿರುವ ಬಾಗಿಲಾದ 445ನೇ ಪೋರ್ಟ್ ಎಲ್ಲೆಲ್ಲಿ ತೆರೆದಿದೆಯೆಂದು ಯಂತ್ರಗಳೇ ಹುಡುಕುತ್ತಿರುತ್ತವೆ. ಫೈರ್‌ವಾಲ್ ಇದೆಯಲ್ಲ ಎಂಬ ಮಾತೂ ಪೂರ್ತಿ ಸಮಾಧಾನ ಕೊಡುವುದಿಲ್ಲ, ಏಕೆಂದರೆ ಕಚೇರಿಯೊಳಗಿನ ಕಂಪ್ಯೂಟರ್‌ಗಳಿಗೆ ಆ ಪೋರ್ಟನ್ನು ತೆರೆದೇ ಇಡಬೇಕು, ಒಳಗಿನ ಒಂದು ಕಂಪ್ಯೂಟರ್ ಕೆಟ್ಟರೆ ಸಾಕು. ಎಸ್‌ಇಲಿನಕ್ಸ್‌ನಿಂದ ಸರ್ವರ್ ನಿಧಾನವಾಗುತ್ತದೆ ಎಂಬ ದೂರಿನಲ್ಲಿ ಹುರುಳಿಲ್ಲ. ಒಮ್ಮೆ ತೆಗೆದುಕೊಂಡ ತೀರ್ಮಾನಗಳನ್ನು ಕರ್ನೆಲ್ ನೆನಪಿನಲ್ಲಿ ಇಟ್ಟುಕೊಳ್ಳುವುದರಿಂದ ನಮ್ಮ ಕಚೇರಿಗಳ ಕೆಲಸದಲ್ಲಿ ಆ ವ್ಯತ್ಯಾಸ ಗಮನಕ್ಕೇ ಬರುವುದಿಲ್ಲ.

ಈ ವ್ಯವಸ್ಥೆ ಏನನ್ನು ತಡೆಯಲಾರದು ಎಂಬುದನ್ನು ಮುಚ್ಚಿಟ್ಟರೆ ಓದುಗರಿಗೆ ಮೋಸ ಮಾಡಿದಂತಾಗುತ್ತದೆ. ಗುಮಾಸ್ತರೊಬ್ಬರ ವಿಂಡೋಸ್ ಕಂಪ್ಯೂಟರಿಗೆ ಇಮೇಲ್ ಮೂಲಕ ಸುಲಿಗೆ ತಂತ್ರಾಂಶ ಹೊಕ್ಕು, ಅವರದೇ ಹೆಸರು ಮತ್ತು ಪಾಸ್‌ವರ್ಡಿನಲ್ಲಿ ಹಂಚಿಕೆಯ ಫೋಲ್ಡರಿನ ಫೈಲುಗಳನ್ನೆಲ್ಲ ಗೂಢಲಿಪಿಗೆ ಬದಲಿಸತೊಡಗಿದರೆ, ಎಸ್‌ಇಲಿನಕ್ಸ್ ಕಣ್ಣಿಗೆ ಅದು ಅನುಮತಿ ಇರುವ ಬಳಕೆದಾರರ ಬರವಣಿಗೆಯೇ ಆಗಿರುತ್ತದೆ. ಅದಕ್ಕೆ ಔಷಧ ಬೇರೆ: ಬರೆಯುವ ಅನುಮತಿಯನ್ನು ಬೇಕಾದವರಿಗಷ್ಟೇ ಕೊಡುವುದು, ಪ್ರತಿದಿನ ಬ್ಯಾಕಪ್ ತೆಗೆದು ಅದರ ಒಂದು ಪ್ರತಿಯನ್ನಾದರೂ ಸರ್ವರ್‌ಗೆ ಜೋಡಿಸದೆ ಬೇರೆಡೆ ಇಡುವುದು, ಯಾರು ಯಾವ ಫೈಲನ್ನು ಅಳಿಸಿದರೆಂದು ದಾಖಲಿಸುವ ಸಾಂಬಾದ ಫುಲ್ ಆಡಿಟ್ ಮಾಡ್ಯೂಲ್ ಬಳಸುವುದು. ಎಸ್‌ಎಂಬಿ 1 ಪ್ರೋಟೊಕಾಲನ್ನು 2019ರ ಸಾಂಬಾ 4.11 ಆವೃತ್ತಿಯಿಂದ ಈಚೆಗೆ ತಾನಾಗಿಯೇ ನಿಲ್ಲಿಸಲಾಗಿದೆ. ಹಳೆಯ ಸ್ಕ್ಯಾನರ್ ಅಥವಾ ಜೆರಾಕ್ಸ್ ಯಂತ್ರವೊಂದರ ಸಲುವಾಗಿ ಅದನ್ನು ಮತ್ತೆ ತೆರೆದಿರುವ ಕಚೇರಿಗಳು, ಆ ಯಂತ್ರವನ್ನೇ ಬದಲಿಸುವ ಬಗ್ಗೆ ಯೋಚಿಸುವುದು ಒಳ್ಳೆಯದು. ಉಬುಂಟು ಬಳಸುವವರಲ್ಲಿ ಎಸ್‌ಇಲಿನಕ್ಸ್ ಬದಲು ಆಪ್‌ಆರ್ಮರ್ ಇರುತ್ತದೆ. ಅದು ಲೇಬಲ್ ಬದಲು ಫೋಲ್ಡರಿನ ದಾರಿಯನ್ನು ನೋಡಿ ತೀರ್ಮಾನಿಸುತ್ತದೆ; ಸಾಂಬಾಕ್ಕೆ ಅದರ ಪ್ರೊಫೈಲ್ ಜಾರಿಯಲ್ಲಿದೆಯೇ ಎಂದು ವಿಚಾರಿಸಿ ನೋಡಬೇಕು, ಇದೆಯೆಂದು ಭಾವಿಸಿಬಿಡಬಾರದು.

ಈಗಾಗಲೇ ನಿಲ್ಲಿಸಿರುವ ಸರ್ವರ್‌ಗಳಲ್ಲಿ ಇದನ್ನು ಮರಳಿ ಜಾರಿಗೆ ತರುವಾಗ ಆತುರ ಸಲ್ಲದು. ನಿಂತಿದ್ದ ಕಾಲದಲ್ಲಿ ಹುಟ್ಟಿದ ಫೈಲುಗಳಿಗೆ ಲೇಬಲ್ಲೇ ಇರುವುದಿಲ್ಲವಾದ್ದರಿಂದ, ನೇರವಾಗಿ ಎನ್‌ಫೋರ್ಸಿಂಗ್ ಮಾಡಿದರೆ ಯಂತ್ರ ಏಳದೇ ಹೋಗಬಹುದು. ಮೊದಲು ಕಾನ್ಫಿಗ್ ಫೈಲಿನಲ್ಲಿ ಪರ್ಮಿಸಿವ್ ಎಂದು ಬರೆದು, ಹಂಚಿಕೆಯ ಫೋಲ್ಡರ್‌ಗಳಿಗೆ ಸಲ್ಲಬೇಕಾದ ಲೇಬಲ್ ನಿಯಮ ಬರೆದು, ಮೂಲ ಡೈರೆಕ್ಟರಿಯಲ್ಲಿ ಆಟೊರಿಲೇಬಲ್ ಎಂಬ ಚುಕ್ಕಿಯಿಂದ ಆರಂಭವಾಗುವ ಖಾಲಿ ಫೈಲನ್ನಿಟ್ಟು ರೀಬೂಟ್ ಮಾಡಬೇಕು. ಫೈಲುಗಳು ಹೆಚ್ಚಿದ್ದರೆ ಮರುಲೇಬಲ್‌ಗೆ ಬಹಳ ಹೊತ್ತು ಹಿಡಿಯುತ್ತದೆ, ಆದ್ದರಿಂದ ಭಾನುವಾರ ಈ ಕೆಲಸಕ್ಕೆ ಸೂಕ್ತ. ಪರ್ಮಿಸಿವ್ ಸ್ಥಿತಿಯಲ್ಲಿ ಯಾವುದನ್ನೂ ತಡೆಯುವುದಿಲ್ಲ, ಆದರೆ ತಡೆಯಬೇಕಾಗಿದ್ದುದೆಲ್ಲ ಲಾಗಿನಲ್ಲಿ ಬರುತ್ತದೆ. ತಿಂಗಳ ಕೊನೆಯ ಲೆಕ್ಕ, ಸಂಬಳದ ಪಟ್ಟಿ, ಬ್ಯಾಕಪ್ ಇವೆಲ್ಲ ಒಂದು ಸುತ್ತು ಮುಗಿಯುವವರೆಗೆ ಲಾಗನ್ನು ನೋಡಿ ಲೇಬಲ್‌ಗಳನ್ನು ತಿದ್ದಿಕೊಂಡು, ಹೊಸ ಸಾಲುಗಳು ಬರುವುದು ನಿಂತ ಮೇಲೆ ಎನ್‌ಫೋರ್ಸಿಂಗ್ ಮಾಡಬಹುದು. ಆಮೇಲೂ ಸಾಂಬಾ ಒಂದರಲ್ಲಿಯೇ ತೊಂದರೆ ಕಂಡರೆ, ಎಸ್‌ಎಂಬಿಡಿ_ಟಿಯನ್ನು ಮಾತ್ರ ತಾತ್ಕಾಲಿಕವಾಗಿ ಪರ್ಮಿಸಿವ್ ಮಾಡಿ ಉಳಿದೆಲ್ಲ ಸೇವೆಗಳನ್ನು ಬಿಗಿಯಾಗಿಯೇ ಇಡುವ ಅನುಕೂಲವೂ ಇದೆ. ಒಂದು ಫೋಲ್ಡರಿನ ಸಲುವಾಗಿ ಇಡೀ ಸರ್ವರನ್ನು ಸಡಿಲ ಬಿಡುವ ಅಗತ್ಯ ಯಾವ ಸಂದರ್ಭದಲ್ಲೂ ಬರುವುದಿಲ್ಲ.

ಕಾನೂನಿನ ದೃಷ್ಟಿಯಿಂದಲೂ ಇದು ಅಲಕ್ಷಿಸುವ ವಿಷಯವಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯು ಜನರ ಮಾಹಿತಿ ಇಟ್ಟುಕೊಂಡವರು ಸಮಂಜಸವಾದ ಭದ್ರತಾ ಕ್ರಮ ಕೈಗೊಳ್ಳಬೇಕೆಂದು ಹೇಳುತ್ತದೆ. ತಪ್ಪಿದರೆ 250 ಕೋಟಿ ರೂಪಾಯಿಗಳವರೆಗೆ ದಂಡ ವಿಧಿಸಲು ಅವಕಾಶವಿದೆ. ತಾನಾಗಿಯೇ ಬಂದಿದ್ದ ರಕ್ಷಣೆಯನ್ನು ಕೈಯಾರೆ ನಿಲ್ಲಿಸಿದ ಕಚೇರಿ, ನಾಳೆ ದಾಖಲೆ ಸೋರಿಕೆಯಾದಾಗ ಯಾವ ಕ್ರಮವನ್ನು ಸಮಂಜಸವೆಂದು ತೋರಿಸೀತು? ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳ ಪ್ರಕಾರ ಸೈಬರ್ ಘಟನೆಯನ್ನು ತಿಳಿದ 6 ಗಂಟೆಗಳೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಉಳಿಸಿಕೊಳ್ಳಬೇಕು. ಇಲ್ಲೊಂದು ತಾಂತ್ರಿಕ ತೊಡಕಿದೆ. ಲಿನಕ್ಸ್‌ನ ಆಡಿಟ್ ಸೇವೆ, ನಾವು ಬದಲಿಸದಿದ್ದರೆ, 8 ಎಂಬಿಯ 5 ಲಾಗ್ ಫೈಲುಗಳನ್ನಷ್ಟೇ ಇಟ್ಟುಕೊಂಡು ಹಳೆಯದನ್ನು ಅಳಿಸುತ್ತಾ ಹೋಗುತ್ತದೆ. ಚಟುವಟಿಕೆ ಹೆಚ್ಚಿರುವ ಕಚೇರಿಯಲ್ಲಿ ಇದು 180 ದಿನಕ್ಕೆ ಸಾಲುವುದಿಲ್ಲ. ಆ ಮಿತಿಯನ್ನು ಏರಿಸಿ, ಲಾಗ್‌ನ ಪ್ರತಿ ಮತ್ತೊಂದು ಯಂತ್ರಕ್ಕೂ ಹೋಗುವಂತೆ ಮಾಡಿಸಿಕೊಳ್ಳಬೇಕು.

ಜಿಲ್ಲೆಯ ಎಂಜಿನಿಯರಿಂಗ್ ಕಾಲೇಜು, ಪಾಲಿಟೆಕ್ನಿಕ್ ಮತ್ತು ಐಟಿಐಗಳ ಕಂಪ್ಯೂಟರ್ ವಿಭಾಗದವರಲ್ಲಿ ನನ್ನ ಕೋರಿಕೆ ಇಷ್ಟೇ: ಲಿನಕ್ಸ್ ಪ್ರಯೋಗಾಲಯದಲ್ಲಿ ಎಸ್‌ಇಲಿನಕ್ಸ್ ನಿಲ್ಲಿಸಿ ಪಾಠ ಆರಂಭಿಸುವುದನ್ನು ಬಿಟ್ಟು, ಅದು ಜಾರಿಯಲ್ಲಿರುವಾಗಲೇ ಸಾಂಬಾ ಹಂಚಿಕೆಯೊಂದನ್ನು ವಿದ್ಯಾರ್ಥಿಗಳಿಂದ ಮಾಡಿಸಿ, ಬೇಕೆಂದೇ ತಪ್ಪು ಲೇಬಲ್ ಕೊಟ್ಟು, ಲಾಗ್ ಓದಿ ಸರಿಪಡಿಸುವ ಅಭ್ಯಾಸ ಮಾಡಿಸಿ. ಒಂದು ಮಧ್ಯಾಹ್ನದ ಪ್ರಯೋಗಕ್ಕೆ ಇದು ಧಾರಾಳವಾಗಿ ಸಾಕು. ನಮ್ಮ ಊರಿನ ಅಂಗಡಿ, ಕಚೇರಿಗಳಿಗೆ ಸರ್ವರ್ ಹೂಡಲು ಹೋಗುವವರು ಇದೇ ವಿದ್ಯಾರ್ಥಿಗಳು.

ಕಾರ್ಯದರ್ಶಿಗಳು, ಪ್ರಾಂಶುಪಾಲರು, ಕಚೇರಿ ವ್ಯವಸ್ಥಾಪಕರು ಲಿನಕ್ಸ್ ಕಲಿಯಬೇಕಿಲ್ಲ. ಕಾರ್ಯಾದೇಶದಲ್ಲಿ ಎಸ್‌ಇಲಿನಕ್ಸ್ ಎನ್‌ಫೋರ್ಸಿಂಗ್ ಸ್ಥಿತಿಯಲ್ಲೇ ಸರ್ವರ್ ಒಪ್ಪಿಸತಕ್ಕದ್ದು ಎಂಬ ಒಂದು ಷರತ್ತನ್ನು ಸೇರಿಸಿ. ಕೊನೆಯ ಬಿಲ್ ಪಾಸ್ ಮಾಡುವ ಮುನ್ನ ಸರ್ವರನ್ನು ನಿಮ್ಮ ಎದುರಿನಲ್ಲೇ ಒಮ್ಮೆ ರೀಬೂಟ್ ಮಾಡಿಸಿ, ಗೆಟ್‌ಎನ್‌ಫೋರ್ಸ್ ಎಂದು ಟೈಪ್ ಮಾಡಿಸಿ, ಬಂದ ಉತ್ತರವನ್ನು ನೋಡಿ. ಬಳಿಕ ಸಿಬ್ಬಂದಿಯ ಎರಡು ಮೂರು ಕಂಪ್ಯೂಟರ್‌ಗಳಿಂದ ಹಂಚಿಕೆಯ ಫೋಲ್ಡರ್‌ಗಳನ್ನು ತೆರೆಸಿ, ಒಂದು ಫೈಲನ್ನು ಸೇರಿಸಿ, ಇನ್ನೊಂದನ್ನು ತಿದ್ದಿಸಿ. ಯಾವ ಫೋಲ್ಡರಿಗೆ ಯಾವ ಲೇಬಲ್ ಕೊಡಲಾಗಿದೆ, ಯಾವ ಬೂಲಿಯನ್ ಸ್ವಿಚ್ಚುಗಳನ್ನು ಏಕೆ ಹಾಕಲಾಗಿದೆ ಎಂಬುದನ್ನು ಒಂದು ಹಾಳೆಯಲ್ಲಿ ಬರೆಸಿ, ಹೂಡಿದವರ ಸಹಿಯೊಂದಿಗೆ ಸರ್ವರ್‌ನ ಕಡತದಲ್ಲಿ ಇರಿಸಿಕೊಳ್ಳಿ. ಮುಂದಿನ ವರ್ಷ ಬೇರೊಬ್ಬರು ರಿಪೇರಿಗೆ ಬಂದಾಗ ಅವರ ಕೈಗೆ ಮೊದಲು ಕೊಡಬೇಕಾದದ್ದು ಆ ಹಾಳೆಯನ್ನು.

ಇಂತಿ ತಮ್ಮ ವಿಶ್ವಾಸಿ,
ಕಂಪ್ಯೂಟರ್ ಜಾಲ ನಿರ್ವಾಹಕ, ಕ್ಯಾತ್ಸಂದ್ರ, ತುಮಕೂರು